ಈಜುಕೊಳದಲ್ಲಿ ಕ್ಲೋರಿನ್ ನಿಲ್ತಾ ಇಲ್ಲ: ಶನಿವಾರ ಸಂಜೆ ಕೈಜೋಡಿಸೋರು ಹೆಸರು ಕೊಡಿ

ಮನೆ 31, ಮಂಗಳವಾರ ಬೆಳಿಗ್ಗೆ 7:10
ಎಲ್ಲರಿಗೂ ನಮಸ್ಕಾರ. ಕ್ಲಬ್ ಹೌಸ್ ಹಿಂದಿನ ಕೊಳದಲ್ಲಿ ಕ್ಲೋರಿನ್ ನಿಲ್ತಾ ಇಲ್ಲ, ಇವತ್ತಿಗೆ ಒಂಬತ್ತನೇ ದಿನ. ನಿನ್ನೆ ರಾತ್ರಿ ಎಂಟಕ್ಕೆ ಮೂರು ಲೀಟರ್ ಹೈಪೋ (ದ್ರವ ಕ್ಲೋರಿನ್, ಸೋಡಿಯಂ ಹೈಪೋಕ್ಲೋರೈಟ್) ಹಾಕಿ ಪಂಪ್ ಓಡಿಸಿದ್ವಿ. ಬೆಳಿಗ್ಗೆ ಸೂರ್ಯ ಹುಟ್ಟೋಕೆ ಮುಂಚೆ ನೋಡಿದ್ರೆ ಸೊನ್ನೆ. ರಾತ್ರಿ ಬಿಸಿಲಿಲ್ಲ, ಯಾರೂ ಇಳಿದಿಲ್ಲ. ಅಂದ್ರೆ ನೀರಿನೊಳಗೇ ಇರೋದೇನೋ ಅದನ್ನ ತಿಂತಾ ಇದೆ. ಬೇಸಿಗೆ ರಜಾ ಶುರುವಾಗಿದೆ, ಮಕ್ಕಳು ಕಾಯ್ತಿದ್ದಾರೆ ಅಂತ ಗೊತ್ತು. ಆದ್ರೂ ಸರಿಹೋಗೋವರೆಗೆ ದಯವಿಟ್ಟು ಯಾರನ್ನೂ ಇಳಿಸಬೇಡಿ.

ಮನೆ 8, 7:32
ಮೇಡಂ, ಕ್ಲೋರಿನ್ ಇಲ್ಲ ಅಂತೀರಿ, ಗೇಟ್ ಹತ್ರ ನಿಂತ್ರೇ ವಾಸನೆ ಮೂಗಿಗೆ ಹೊಡೆಯುತ್ತೆ. ಭಾನುವಾರ ನಮ್ಮ ಮಗಳ ಕಣ್ಣು ಕೆಂಪಗಾಗಿ ರಾತ್ರಿಯೆಲ್ಲ ಉಜ್ಜಿಕೊಂಡಿದ್ದಾಳೆ. ಕ್ಲೋರಿನ್ ಇದ್ರೆ ಹಳದಿಯಾಗೋ ಕಿಟ್‌ನಲ್ಲಿ ನಾನೇ ನೋಡಿದೆ, ಚೆನ್ನಾಗಿ ಹಳದಿ ಬಂತು. ಜಾಸ್ತಿಯಾಗಿರೋದು ಮೇಡಂ, ಇನ್ನು ಹಾಕೋದು ಬೇಡ.

ಮನೆ 31, 7:50
ಮಗಳ ಕಣ್ಣು ಈಗ ಹೇಗಿದೆ? ನೀವು ಹೇಳಿದ್ದು ಬಹಳ ಮುಖ್ಯ, ಅದಕ್ಕೇ ವಿವರವಾಗಿ ಬರೀತೀನಿ. ಮೂಗಿಗೆ ಹೊಡೆಯೋದು ಒಳ್ಳೆ ಕ್ಲೋರಿನ್ ಅಲ್ಲ, ಕ್ಲೋರಮೈನ್. ಬೆವರು, ಮೂತ್ರ, ಪಾರಿವಾಳದ ಹಿಕ್ಕೆ, ಕೊಳೆತ ಎಲೆ ಇವುಗಳ ಅಮೋನಿಯಾಗೆ ಕ್ಲೋರಿನ್ ಕಟ್ಟಿಕೊಂಡಾಗ ಆಗೋದು. ಕಣ್ಣು ಉರಿಸೋದೂ ಅದೇ, ಕ್ರಿಮಿ ಕೊಲ್ಲೋಕೆ ಮಾತ್ರ ಅದರ ಕೈಲಿ ಅಷ್ಟು ಆಗಲ್ಲ. ಹಳದಿ ಕಿಟ್ ಎರಡನ್ನೂ ಒಟ್ಟಿಗೆ ತೋರಿಸುತ್ತೆ. ಡಿಪಿಡಿ ಮಾತ್ರೆಯಲ್ಲಿ (ಕ್ಲೋರಿನ್ ಇದ್ರೆ ನೀರನ್ನ ಗುಲಾಬಿ ಮಾಡೋ ಪರೀಕ್ಷೆ ಮಾತ್ರೆ) ಬೇರೆ ಬೇರೆ ಗೊತ್ತಾಗುತ್ತೆ: ಇವತ್ತು ಒಳ್ಳೆ ಕ್ಲೋರಿನ್ ತೋರಿಸೋ ಒಂದನೇ ನಂಬರ್ ಮಾತ್ರೆಗೆ ಗುಲಾಬಿ ಬರಲೇ ಇಲ್ಲ, ಕಟ್ಟಿಕೊಂಡಿದ್ದನ್ನೂ ತೋರಿಸೋ ಮೂರನೇ ನಂಬರ್ ಹಾಕಿದ್ಮೇಲೆ 2.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಬಂತು. ಇರೋದೆಲ್ಲ ಕಟ್ಟಿಕೊಂಡಿರೋದೇ.

ಮನೆ 19, 9:15
ಎಲ್ಲಾ ನೀರು ಖಾಲಿ ಮಾಡಿ ಹೊಸದಾಗಿ ತುಂಬಿಸೋದು ವಾಸಿ.

ಮನೆ 22, 9:40
12 ಮೀಟರ್ ಉದ್ದ, 6 ಅಗಲ, ಸರಾಸರಿ ಒಂದೂಕಾಲು ಆಳ. 90,000 ಲೀಟರ್ ಸಾರ್. 6,000 ಲೀಟರ್ ಟ್ಯಾಂಕರ್ ಹದಿನೈದು ಬೇಕು. ಬೆಳಗೊಳದಿಂದ ಪಂಪ್ ಮಾಡಿ ತರೋ ಕಾವೇರಿ ನೀರು ನಮ್ಮ ಮೂರನೇ ಕ್ರಾಸ್‌ಗೆ ದಿನ ಬಿಟ್ಟು ದಿನ ಬರ್ತಿದೆ. ಈ ಬಿಸಿಲಲ್ಲಿ ಅಷ್ಟು ನೀರು ಚರಂಡಿಗೆ ಬಿಡೋಕೆ ನನ್ನ ಮನಸ್ಸು ಒಪ್ಪಲ್ಲ.

ಮನೆ 31, 10:05
ನನ್ನದೂ ಅದೇ ಅಭಿಪ್ರಾಯ. ಇನ್ನೊಂದು ವಿಷಯ. ದಸರಾ ಮುಗಿದ ಮೇಲೆ ಕೊಳ ಮುಚ್ಚಿದ್ವಲ್ಲ, ಆಗ ಕ್ಲೋರಿನ್ ಮಾತ್ರೆಗಳಿಂದ ಸೇರಿದ್ದ ಸ್ಟೆಬಿಲೈಸರ್ (ಸಯನ್ಯೂರಿಕ್ ಆಸಿಡ್, ಕ್ಲೋರಿನ್ ಬಿಸಿಲಿಗೆ ಹೋಗದ ಹಾಗೆ ಕಾಯೋದು) 70 ಪಿಪಿಎಂ ಇತ್ತು. ಈಗ 20ಕ್ಕಿಂತ ಕೆಳಗೆ. ಮಳೆ ನೀರಿಗೆ ಸ್ವಲ್ಪ ತೆಳುವಾಗಿರಬಹುದು, ಇಷ್ಟೊಂದಲ್ಲ. ಕ್ಲೋರಿನ್ ಇಲ್ಲದೆ ನಿಂತ ನೀರಲ್ಲಿ ಕೆಲವು ಬ್ಯಾಕ್ಟೀರಿಯಾ ಅದನ್ನ ಅಮೋನಿಯಾ ಮಾಡಿಬಿಡುತ್ತೆ. ಅಕ್ವೇರಿಯಂ ಅಂಗಡಿಯಿಂದ ಅಮೋನಿಯಾ ಕಿಟ್ ತಂದು ನೋಡಿದೆ, 2 ಪಿಪಿಎಂ. ಒಂದು ಪಾಲು ಅಮೋನಿಯಾ ತೀರಿಸೋಕೆ ಎಂಟರಿಂದ ಹತ್ತು ಪಾಲು ಕ್ಲೋರಿನ್ ಬೇಕು. ನಾವು ದಿನಾ ಮೂರು ಲೀಟರ್ ಹಾಕಿದ್ರೆ ಸಿಗೋದು ಹೆಚ್ಚುಕಮ್ಮಿ 3 ಪಿಪಿಎಂ. ಹಗಲಲ್ಲಿ ಅದರಲ್ಲೂ ಬಿಸಿಲಿಗೆ ಹೋಗೋದೇ ಜಾಸ್ತಿ. ಅಷ್ಟರಲ್ಲಿ ಪಾಚಿ ಮತ್ತೆ ಹುಟ್ಟುತ್ತೆ. ಎಷ್ಟು ಬೇಕು ಅಂತ ಅಳೆದು, ಒಂದೇ ಸಲ ಹಾಕಬೇಕು.

ಮನೆ 31, ಗುರುವಾರ ಬೆಳಿಗ್ಗೆ 6:40
ನಿನ್ನೆ ರಾತ್ರಿ ಮೂರು ಬಕೆಟ್‌ನಲ್ಲಿ ತಲಾ 10 ಲೀಟರ್ ಕೊಳದ ನೀರು ತುಂಬಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ 1, 2, 3 ಎಂಎಲ್ ಹೈಪೋ ಹಾಕಿ ಮುಚ್ಚಿಟ್ಟಿದ್ದೆ. ಮೊದಲ ಎರಡರಲ್ಲಿ ಸೊನ್ನೆ. ಮೂರನೇದರಲ್ಲಿ 4 ಉಳಿದಿದೆ! ವಾಸನೆಯೂ ಇಲ್ಲ. ಅದೇ ಲೆಕ್ಕ ಕೊಳಕ್ಕೆ ಹಾಕಿದ್ರೆ 27 ಲೀಟರ್. ಬಿಸಿಲಿಗೆ ಹೈಪೋ ಸತ್ವ ಇಳಿದಿದ್ರೂ ಲೆಕ್ಕ ತಪ್ಪಲ್ಲ, ಬಕೆಟ್‌ಗೆ ಹಾಕಿದ ಕ್ಯಾನ್‌ಗಳಿಂದಲೇ ಕೊಳಕ್ಕೂ ಹಾಕ್ತೀವಿ.

ಮನೆ 14, 7:05
ಮೇಡಂ, ನಮ್ಮನೇಲಿ ಎರಡು ಕೆಜಿ ಬ್ಲೀಚಿಂಗ್ ಪೌಡರ್ ಇದೆ, ಹಳೇ ಕ್ಲೋರಿನ್ ಮಾತ್ರೆ ಡಬ್ಬಾನೂ ಇದೆ. ಜೊತೆಗೆ ತರಲಾ?

ಮನೆ 31, 7:07
ಬೇಡ ಅಣ್ಣ, ಎರಡನ್ನೂ ತರಬೇಡಿ! ಆ ಮಾತ್ರೆ, ಪೌಡರ್ ಒಂದಕ್ಕೊಂದು ತಗುಲಿದ್ರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದೇ ಮಗ್, ಒಂದೇ ಚಮಚ ಕೂಡ ಬಳಸಬೇಡಿ. ಆಸಿಡ್ ಅಂತೂ ಹೈಪೋ ಕ್ಯಾನ್ ಪಕ್ಕದಲ್ಲೂ ಇಡಬಾರದು, ಬೆರೆತ್ರೆ ವಿಷದ ಗಾಳಿ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2 ಇದೆ. ಆಸಿಡ್ ಹಾಕಿ ಅದನ್ನ 7.2ಕ್ಕೆ ಇಳಿಸೋ ಕೆಲಸ ಶುಕ್ರವಾರವೇ ಮುಗಿಸೋಣ. ಕ್ಲೋರಿನ್ ಏರಿದ ಮೇಲೆ ಪಿಎಚ್ ಬಣ್ಣವನ್ನ ನಂಬೋಕಾಗಲ್ಲ.

ಮನೆ 22, 7:30
ಕ್ಯಾನ್ ತರೋದು ನನ್ನ ಜವಾಬ್ದಾರಿ, ನಮ್ಮ ಆಟೋ ಇದೆ. ಶುಕ್ರವಾರ ಫಿಲ್ಟರ್ ಬ್ಯಾಕ್‌ವಾಶ್ (ನೀರು ಹಿಮ್ಮುಖವಾಗಿ ಹರಿಸಿ ತೊಳೆಯೋದು) ನಾನೇ ಮಾಡ್ತೀನಿ. ಗೋಡೆ, ಮೆಟ್ಟಿಲು ಸಂದು, ಏಣಿ ಹಿಂದೆ ಬ್ರಷ್ ಹಾಕೋಕೆ ನಾಲ್ಕು ಜನ ಬೇಕು.

ಮನೆ 8, 7:41
ನಾನು, ನಮ್ಮೆಜಮಾನ್ರು ಇಬ್ಬರೂ ಬರ್ತೀವಿ.

ಮನೆ 19, 8:20
ನನ್ನ ಹೆಸರೂ ಹಾಕಿ. ಮಳೆಮರದ ಕೊಂಬೆ ಕೊಳದ ಮೇಲೇ ಬಂದಿದೆ, ಎಲೆ ಸೋಸೋ ಬಲೆ ನಾನು ತರ್ತೀನಿ.

ಮನೆ 31, ಶನಿವಾರ ಸಂಜೆ 6:55
ಹೊತ್ತು ಮುಳುಗಿತು, ಶುರು ಮಾಡ್ತಿದ್ದೀವಿ. ಕೈಗವಸು, ಕನ್ನಡಕ ಹಾಕಿಕೊಂಡೇ ಬನ್ನಿ. ನೀರು ಒಳಬರೋ ಬಾಯಿ ಹತ್ರ ನಿಧಾನವಾಗಿ ಸುರೀಬೇಕು. ಪಂಪ್ ರಾತ್ರಿಯೆಲ್ಲ ಓಡಲಿ.

ಮನೆ 14, ರಾತ್ರಿ 9:30
ಮೇಡಂ, 27 ಲೀಟರ್ ಹಾಕಿದ್ಮೇಲೂ ಗುಲಾಬಿ ಬಣ್ಣ ಬರ್ತಿಲ್ಲ! ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು.

ಮನೆ 31, 9:34
ಗಾಬರಿ ಬೇಡ. ತುಂಬಾ ಜಾಸ್ತಿ ಇದ್ರೆ ಬಣ್ಣವೇ ಬಿಳಿಚಿಹೋಗುತ್ತೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಫಿಲ್ಟರ್ ನೀರು ಬೆರೆಸಿ ನೋಡಿ, ಬಂದಿದ್ದನ್ನ ಐದರಿಂದ ಗುಣಿಸಿ.

ಮನೆ 14, 9:45
3 ಬಂತು. 15!

ಮನೆ 31, ಭಾನುವಾರ ಬೆಳಿಗ್ಗೆ 6:15
2 ಉಳಿದಿದೆ. ಕಟ್ಟಿಕೊಂಡಿದ್ದು 0.4ಕ್ಕೆ ಇಳಿದಿದೆ, ನೀರು ತಿಳಿಯಾಗಿದೆ. ಫಿಲ್ಟರ್ ಮರಳಲ್ಲಿ ಕೂತಿದ್ದ ಕೊಳೆಯೂ ಸ್ವಲ್ಪ ತಿಂದಿರಬೇಕು. ಸಂಜೆ ಇನ್ನು ಮೂರು ಲೀಟರ್ ಹಾಕಿ, ರಾತ್ರಿ ಒಮ್ಮೆ, ಬೆಳಗಾಗೋಕೆ ಮುಂಚೆ ಒಮ್ಮೆ ನೋಡೋಣ. ವ್ಯತ್ಯಾಸ 1ರ ಒಳಗಿದ್ರೆ ಗೆದ್ದ ಹಾಗೆ.

ಮನೆ 31, ಸೋಮವಾರ ಬೆಳಿಗ್ಗೆ 6:05
ರಾತ್ರಿ 5, ಈಗ 4.5. ನಿಂತಿದೆ! ನಿನ್ನೆ ರಾತ್ರಿ ನನ್ನ ಜೊತೆ ಟಾರ್ಚ್ ಹಿಡಿದು ನಿಂತ ಎಲ್ಲರಿಗೂ ಕೈಮುಗೀತೀನಿ. 3ಕ್ಕೆ ಇಳಿದ ದಿನ ಗೇಟ್ ತೆಗೆಯೋಣ. ಬೋರ್ಡಿಗೆ ಕಟ್ಟಿರೋ ಪುಸ್ತಕದಲ್ಲಿ ಬೆಳಿಗ್ಗೆ ಸಂಜೆ ರೀಡಿಂಗ್ ಬರೆಯೋಕೆ ಈ ವಾರ ಯಾರು?

ಮನೆ 8, 6:20
ನಾನು ಬರೀತೀನಿ ಮೇಡಂ. ಮಗಳಿಗೂ ಬಣ್ಣ ನೋಡೋದು ಕಲಿಸ್ತೀನಿ.