ಕಾರವಾರದ ಗಾಳಿಗೆ ಯಾವ ಸೈಜಿನ ಹಾಯಿ? 7.5 ತಂದು ಒದ್ದಾಡುತ್ತಿದ್ದೇನೆ

ದೋಟಿಭಟ್ಟ:

ನಾನು ಶಿರಸಿ ಕಡೆಯವನು. ಬೆಳೆದದ್ದು ಅಡಿಕೆ ತೋಟದಲ್ಲಿ, ಈಜು ಕಲಿತದ್ದು ಊರ ಕೆರೆಯಲ್ಲಿ. ಕೆಲಸದ ಮೇಲೆ ಕಾರವಾರಕ್ಕೆ ಬಂದು ಮೂರು ವರ್ಷವಾಯಿತು. ದಿನಾ ಸಂಜೆ ಟಾಗೋರ್ ಕಡಲತೀರದಲ್ಲಿ ಕೂತು ಶೇಂಗಾ ತಿನ್ನುವುದು ಸಾಕಾಗಿ, ಹೋದ ನವೆಂಬರಿನಲ್ಲಿ ಗೋವಾಕ್ಕೆ ಹೋಗಿ ನಾಲ್ಕು ದಿನ ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಓಡಿಸುವುದು, ಕಲಿತೆ. ಹಾಯಿ ಎತ್ತಿ, ನೇರ ಹೋಗಿ, ತಿರುಗಿಸಿಕೊಂಡು ಬರುವಷ್ಟು ಬಂತು.

ಸ್ವಂತದ್ದೊಂದು ಬೇಕು ಅನಿಸಿತು. ನೆಟ್‌ನಲ್ಲಿ ಒಂದು ಲೆಕ್ಕ ಸಿಕ್ಕಿತು. ಮೈತೂಕವನ್ನು 1.34ರಿಂದ ಗುಣಿಸಿ, ಗಾಳಿಯ ವೇಗ ಎಷ್ಟು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದೆಯೋ ಅದರಿಂದ ಭಾಗಿಸಬೇಕಂತೆ. ಬಂದದ್ದು ಹಾಯಿಯ ಚದರ ಮೀಟರ್. ನನ್ನ ತೂಕ 62 ಕೆಜಿ. ಮಧ್ಯಾಹ್ನ ಇಲ್ಲಿ 11 ನಾಟ್ ಅಂತ ಮೊಬೈಲ್ ತೋರಿಸುತ್ತಿತ್ತು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 7.5. ಅದೇ ಸೈಜಿನ ಹಳೇ ಹಾಯಿ ಮಾರಾಟಕ್ಕೂ ಇತ್ತು. ದೇವರೇ ಕೊಟ್ಟ ಅಂದುಕೊಂಡು ತಂದೆ. ಮೂರು ಕ್ಯಾಂಬರ್ ಇದೆ, ಮಾಸ್ಟ್ (ಹಾಯಿಯ ಕಂಬ) 460 ಸೆಂಟಿಮೀಟರ್. ಬೋರ್ಡ್ 185 ಲೀಟರಿನದು, ಅದರ ಬಗ್ಗೆ ತಕರಾರಿಲ್ಲ.

ಕಳೆದ ಭಾನುವಾರ ಹನ್ನೊಂದು ಸಲ ಹಾಯಿ ಎತ್ತಿದೆ. ದಡದಲ್ಲಿ ಹೆಂಡತಿ ಎಣಿಸುತ್ತಿದ್ದಳು. ಎರಡು ಸಲ ಮಾತ್ರ ಹತ್ತು ಮಾರು ಮುಂದೆ ಹೋದೆ. ಮಾರನೇ ದಿನ ಬಚ್ಚಲಲ್ಲಿ ಚೊಂಬು ಎತ್ತಲಿಕ್ಕೂ ಆಗಲಿಲ್ಲ. ಲೆಕ್ಕ ತಪ್ಪೋ, ನನ್ನ ರಟ್ಟೆ ತಪ್ಪೋ?

ಬೈತಖೋಲ್_ಬಂಗಡೆ:

ಹನ್ನೊಂದು ಸಲಾನಾ! ಏಂಡಿ ಬಲೆ ಎಳೆಯೋಕೆ ಬನ್ನಿ ಭಟ್ರೇ, ಮೀನಾದರೂ ಸಿಗುತ್ತದೆ.

ಅಳಿವೆಯಜ್ಜ:

ಭಟ್ರೇ, ಲೆಕ್ಕ ಸರಿ. ಆದರೆ ಅದು ನಿಮಗೆ ಮಾಡಿದ ಲೆಕ್ಕವಲ್ಲ.

ಆ 1.34ರ ಲೆಕ್ಕ ಪ್ಲೇನಿಂಗ್ ಮಾಡುವವರಿಗೆ. ಅಂದರೆ ಬೋರ್ಡ್ ನೀರನ್ನು ಸೀಳಿಕೊಂಡು ಹೋಗುವುದು ಬಿಟ್ಟು, ಮೇಲೆದ್ದು ಜಾರುತ್ತದಲ್ಲ, ಅದಕ್ಕೆ ಎಷ್ಟು ದೊಡ್ಡ ಹಾಯಿ ಬೇಕು ಅಂತ ಹೇಳುವ ಲೆಕ್ಕ. ಸೊಂಟಕ್ಕೆ ಹಾರ್ನೆಸ್ ಕಟ್ಟಿ, ಅದರ ಕೊಕ್ಕೆಯನ್ನು ಬೂಮ್‌ನ (ಹಾಯಿ ಹಿಡಿಯುವ ಅಡ್ಡಕೋಲಿನ) ಹಗ್ಗಕ್ಕೆ ಸಿಕ್ಕಿಸಿ, ಪೂರ್ತಿ ಮೈಭಾರ ಹಾಕಿ ನೇತಾಡುವವರಿಗೆ ಅದು ಬೇಕು. ನೀವಿನ್ನೂ ನಿಂತು ಬೀಳುವ ಹಂತದಲ್ಲಿದ್ದೀರಿ. ಈ ಹಂತದಲ್ಲಿ ಹಾಯಿಗೆ ಇರಬೇಕಾದ ಗುಣ ಒಂದೇ: ಬಿದ್ದಾಗ ಸುಲಭವಾಗಿ ಏಳಬೇಕು. ನಿಮ್ಮ ತೂಕಕ್ಕೆ, ನಮ್ಮ ಗಾಳಿಗೆ 4.5 ಸಾಕು. ಗಾಳಿ ತೀರಾ ಮೆತ್ತಗಿದ್ದ ದಿನ 5. ಅದಕ್ಕಿಂತ ಜಾಸ್ತಿ ಬೇಡ.

ಇನ್ನು ಆ ಮೂರು ಕ್ಯಾಂಬರ್. ಅಡ್ಡ ಪಟ್ಟಿಗಳ ತುದಿಯಲ್ಲಿ ಮಾಸ್ಟನ್ನು ಕಚ್ಚಿಕೊಂಡು ಕೂರುವ ಪ್ಲಾಸ್ಟಿಕ್ ತುಂಡುಗಳು ಅವು. ಗಾಳಿ ಇಲ್ಲದಾಗಲೂ ಹಾಯಿಯ ಹೊಟ್ಟೆ ಉಬ್ಬಿಕೊಂಡೇ ಇರಲಿ ಅಂತ ಇಡುತ್ತಾರೆ. ನೇರ ಓಡಿಸುವವರಿಗೆ ಒಳ್ಳೆಯದು, ಹಾಯಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅವು ಕೂರಲಿಕ್ಕೆ ಮಾಸ್ಟ್ ತೂರುವ ಚೀಲ ಅಗಲ ಬೇಕು. ಹಾಯಿ ನೀರಿಗೆ ಬಿತ್ತೋ, ಆ ಚೀಲದೊಳಗೆ ನೀರು ತುಂಬುತ್ತದೆ. ನೀವು ಎತ್ತಿದ್ದು ಬರೀ ಹಾಯಿಯಲ್ಲ, ಒದ್ದೆ ಕಂಬಳಿ. ಹನ್ನೊಂದು ಸಲ ಎತ್ತಿದಿರಲ್ಲ, ನಿಮ್ಮ ರಟ್ಟೆಗೆ ನಮಸ್ಕಾರ.

ಮೊಬೈಲಿನ 11 ನಾಟನ್ನೂ ನಂಬಬೇಡಿ. ಇಲ್ಲಿ ಬಿಸಿಲು ಏರಿದ ಮೇಲೆ ನೆಲ ಕಾದು ಪಡುಗಾಳಿ ಏಳುತ್ತದೆ. ಊಟದ ಹೊತ್ತಿಗೆ ಶುರು, ಮೂರು-ನಾಲ್ಕು ಗಂಟೆಗೆ ಜೋರು, ಸೂರ್ಯ ಇಳಿಯುತ್ತಿದ್ದಂತೆ ಸುಸ್ತು. ಫೆಬ್ರವರಿಯಿಂದ ಮೇವರೆಗೆ ಇದು ಚೆನ್ನಾಗಿ ಬೀಸುತ್ತದೆ. ನಾನಂತೂ ನೀರನ್ನೇ ನೋಡುತ್ತೇನೆ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 9-10 ನಾಟ್. ಎಲ್ಲಾ ಕಡೆ ಬಿಳಿ ಕಂಡರೆ 13 ದಾಟಿದೆ, ಅವತ್ತು ನೀವು ದಡದಲ್ಲೇ ಶೇಂಗಾ ತಿನ್ನಿ.

ಪಡುಗಾಳಿಯ ದೊಡ್ಡ ಗುಣ ಏನೆಂದರೆ, ಕೈಸೋತರೂ ಅದು ನಿಮ್ಮನ್ನು ದಡದ ಕಡೆಗೇ ತಳ್ಳುತ್ತದೆ. ಬೆಳಗಿನ ಮೂಡುಗಾಳಿ ಹಾಗಲ್ಲ. ದಡದ ಬಳಿ ನೀರು ಕನ್ನಡಿಯ ಹಾಗಿರುತ್ತದೆ, ಕಲಿಯಲಿಕ್ಕೆ ಇದೇ ಒಳ್ಳೆಯದು ಅನಿಸುತ್ತದೆ. ಇನ್ನೂರು ಮೀಟರ್ ಹೋಗಿ ತಿರುಗಿ ನೋಡಿದರೆ ಕಡಲೊಳಗಿನ ದೇವಗಡ ದ್ವೀಪದ ದೀಪಸ್ತಂಭ ಹತ್ತಿರ, ಮನೆ ದೂರ! ನನಗೂ ಒಮ್ಮೆ ಹಾಗಾಗಿತ್ತು. ಕಾಳಿ ಅಳಿವೆಯಲ್ಲಿ ಇಳಿತದ ನೀರೂ ಸೇರಿಕೊಂಡಿತ್ತು. ಹಾಯಿ ಬಿಚ್ಚಿ ಸುತ್ತಿ ಬೋರ್ಡ್ ಮೇಲಿಟ್ಟು, ಹೊಟ್ಟೆ ಮೇಲೆ ಮಲಗಿ ಕೈಯಲ್ಲಿ ಹುಟ್ಟು ಹಾಕಿದೆ. ಕಡೆಗೆ ದೇವಬಾಗ್ ಕಡೆಯ ದೋಣಿಯವರು ಹಗ್ಗ ಎಸೆದರು. ಅವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಂಕೋಲೆ_ಅಕ್ಕ:

ಅಜ್ಜ ಹೇಳಿದ್ದು ಸರಿ. ನನ್ನದೊಂದು ಮಾತು ಸೇರಿಸುತ್ತೇನೆ. ನಾನು 48 ಕೆಜಿ. ಕಲಿತದ್ದು 3.5ರಲ್ಲಿ, ಈಗ ಜಾಸ್ತಿ ಹಿಡಿಯುವುದು 4.2. ಸೈಜಿನಷ್ಟೇ ಹಿಡಿತವೂ ಮುಖ್ಯ. ಬೂಮ್ ದಪ್ಪಗಿದ್ದರೆ ನನ್ನಂಥ ಸಣ್ಣ ಕೈಯವರ ಬೆರಳು ಸುತ್ತುವುದೇ ಇಲ್ಲ, ಮುಂಗೈ ಬೇಗ ಸೆಟೆದುಕೊಳ್ಳುತ್ತದೆ. ತೆಳ್ಳಗಿನ ಬೂಮ್ ಹುಡುಕಿ. ಬೋರ್ಡ್ ಮೇಲೆ ನಿಂತಾಗ ಅದು ಹೆಗಲಿನ ಮಟ್ಟಕ್ಕೆ ಬರಲಿ.

ಮಕ್ಕಳಿಗೆ ಕೊಡಿಸುವವರಿದ್ದರೆ, ದಯವಿಟ್ಟು ದೊಡ್ಡವರ ಹಾಯಿ ಕೊಡಬೇಡಿ. ನನ್ನ ಅಣ್ಣನ ಮಗಳು ಒಂಬತ್ತರವಳು, 2 ಚದರ ಮೀಟರಿನ ಡೇಕ್ರಾನ್ ಬಟ್ಟೆಯ ಹಾಯಿಯಲ್ಲಿ ನನ್ನ ಸುತ್ತ ಗಿರಕಿ ಹೊಡೆಯುತ್ತಾಳೆ. ಡೇಕ್ರಾನ್ ಹಗುರ, ಮಡಚಿದರೂ ಹಾಳಾಗುವುದಿಲ್ಲ. ಪಾರದರ್ಶಕ ಮೋನೋಫಿಲ್ಮ್ ಹಾಗಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಒಣಹಾಕಿ ಮರೆತರೆ ವರ್ಷ ಎರಡು ವರ್ಷದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸುತ್ತಿಡಬೇಕು. ಭಟ್ರೇ, ನಿಮ್ಮ ಹಳೇ 7.5 ಯಾವುದರದ್ದು ಅಂತ ಮೊದಲು ನೋಡಿ.

ಕುಮಟಾ_ಹುಡುಗ:

ನಾನು ವೇವ್ ಹಾಯಿ ತಗೋಬೇಕು ಅಂತಿದ್ದೆ. 4.7. ವಿಡಿಯೋದಲ್ಲಿ ಎಲ್ಲ ಅದರಲ್ಲೇ ಹಾರುತ್ತಾರೆ. ಸೈಜೂ ಅಜ್ಜ ಹೇಳಿದ ಹತ್ತಿರವೇ ಇದೆ ಅಲ್ವಾ?

ಅಳಿವೆಯಜ್ಜ:

ತಮ್ಮಾ, ಸೈಜ್ ಹತ್ತಿರ, ಜಾತಿ ಬೇರೆ. ವೇವ್ ಹಾಯಿಯನ್ನು ಅಲೆ ಬಡಿದರೂ ಹರಿಯದ ಹಾಗೆ ಹೊಲಿದಿರುತ್ತಾರೆ. ಬಟ್ಟೆ ದಪ್ಪ, ಹೊಲಿಗೆ ಜೋಡಿ, ಹಾಗಾಗಿ ಆ ಸೈಜಿಗೆ ಭಾರ. ಜೋರು ಗಾಳಿ ಇರುವ ಊರಿಗೆ ಸರಿ. ನಮ್ಮ ಬೇಸಿಗೆಯ ಗಾಳಿಗೆ ಅದು ನಿದ್ದೆ ಮಾಡುತ್ತದೆ. ಹಾರುವಷ್ಟು ಗಾಳಿ ಇಲ್ಲಿ ಬರುವುದು ಮಳೆಗಾಲದಲ್ಲಿ. ಆಗ ದೋಣಿಗಳೇ ದಡದಲ್ಲಿರುತ್ತವೆ, ನೀನು ಎಲ್ಲಿಗೆ ಹೋಗುತ್ತೀಯಾ?

ನಿನಗೂ ಭಟ್ರಿಗೂ ಮುಂದಿನ ಹಾಯಿ ಕ್ಯಾಂಬರ್ ಇಲ್ಲದ ಫ್ರೀರೈಡ್. 5.5 ಅಥವಾ 6. ಸುಮ್ನೆ ಓಡಾಡಲಿಕ್ಕೆ, ಹಾರ್ನೆಸ್ ಕಲಿಯಲಿಕ್ಕೆ, ಮೊದಲ ಸಲ ಪ್ಲೇನಿಂಗ್ ರುಚಿ ನೋಡಲಿಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಗಂಡಸರು 9, ಹೆಂಗಸರು 8 ಚದರ ಮೀಟರ್ ಹಿಡಿದಿದ್ದರು ಅಂತ ನಾಳೆ ಯಾರೋ ಬಂದು ಹೇಳುತ್ತಾರೆ. ಅದು ನೀರಿನಿಂದ ಮೇಲೆದ್ದು ತೇಲುವ ಫಾಯಿಲ್ ಬೋರ್ಡ್. ಅವರ ತೊಡೆ ನೋಡಿದ್ದೀಯಾ?

ದೋಟಿಭಟ್ಟ:

ಎಲ್ಲರಿಗೂ ಥ್ಯಾಂಕ್ಸ್. ಹಾಯಿ ನೋಡಿದೆ ಅಕ್ಕ, ಮೋನೋಫಿಲ್ಮೇ. ಕೆಳಗಿನ ಒಂದು ಕಿಟಕಿ ಹಳದಿಗೆ ತಿರುಗಿದೆ. ಮಾರಿದವರು "ಜೀವಮಾನಕ್ಕೆ ಇದೊಂದೇ ಸಾಕು" ಅಂದಿದ್ದರು. ಯಾರ ಜೀವಮಾನ ಅಂತ ನಾನು ಕೇಳಲಿಲ್ಲ.

ಪರಿಚಯದವರೊಬ್ಬರ 4.5 ಎರಡು ವಾರದ ಮಟ್ಟಿಗೆ ಸಿಕ್ಕಿದೆ. ಹಾಯಿ ಮಾತ್ರ, ಮಾಸ್ಟ್ ಇಲ್ಲ. ಅದರ ಮೇಲೆ 400 ಅಂತ ಬರೆದಿದೆ. ನನ್ನ 460 ನಡೆಯುತ್ತದಾ? ಇಲ್ಲದಿದ್ದರೆ ಒಂದು ಐಡಿಯಾ ಇದೆ, ನಗಬೇಡಿ. ಊರಲ್ಲಿ ಅಪ್ಪ ಅಡಿಕೆ ಕೊನೆ ಕೊಯ್ಯಲಿಕ್ಕೆ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ. ಇಲ್ಲಿನ ದುಬಾರಿ ಮಾಸ್ಟ್‌ಗಳೂ ಕಾರ್ಬನ್ನೇ ಅಲ್ವಾ?

ಬೈತಖೋಲ್_ಬಂಗಡೆ:

ಅಪ್ಪಯ್ಯನಿಗೆ ಗೊತ್ತಾ ಇದು?

ಅಳಿವೆಯಜ್ಜ:

ನಕ್ಕೆ, ಕ್ಷಮಿಸಿ.

ದೋಟಿ ಬಾಗಬಾರದು ಅಂತ ಮಾಡಿದ್ದು. ಮಾಸ್ಟ್ ಬಾಗಲೇಬೇಕು, ಅದೂ ಹಾಯಿ ಹೊಲಿದವನು ಅಂದುಕೊಂಡ ಹಾಗೇ ಬಾಗಬೇಕು. ಹಾಯಿಯ ಮುಂದಿನ ಅಂಚನ್ನು ಮಾಸ್ಟಿನ ಬಾಗಿಗೆ ತಕ್ಕ ಹಾಗೆ ಕತ್ತರಿಸಿರುತ್ತಾರೆ. ಹಾಗಾಗಿ 460 ಬೇಡ. ಮೇಲೆ ತುಂಬಾ ಉದ್ದ ಚಾಚಿಕೊಳ್ಳುತ್ತದೆ, ಸಣ್ಣ ಹಾಯಿಗೆ ಅದು ಸೆಟೆದ ಕೋಲು. ನನ್ನ ಹಳೇ 400 ಅಟ್ಟದಲ್ಲಿದೆ. ಕಾರ್ಬನ್ ಕಡಿಮೆ, ಸ್ವಲ್ಪ ಭಾರ, ಪರವಾಗಿಲ್ಲ. ತಗೊಂಡು ಹೋಗಿ. ದಾರಿಯಲ್ಲಿ ಕರೆಂಟ್ ತಂತಿ ಇದ್ದರೆ ಮಾಸ್ಟನ್ನು ಮಲಗಿಸಿ ಹಿಡಿಯಿರಿ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ದೋಟಿ ಹಿಡಿಯುವ ಮನೆಯವರಿಗೆ ನಾನು ಹೇಳಬೇಕಿಲ್ಲ.

ಕಟ್ಟುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಬುಡದ ಹಗ್ಗವನ್ನು ಸಾಕಷ್ಟು ಎಳೆಯುವುದಿಲ್ಲ, ಬೂಮ್ ತುದಿಯದನ್ನು ಜಾಸ್ತಿ ಎಳೆಯುತ್ತಾರೆ. ಉಲ್ಟಾ ಮಾಡಿ. ಕಾಲು ಕೊಟ್ಟು ಬುಡದ ಹಗ್ಗ ಎಳೆಯಿರಿ, ಮೇಲಿನ ಹಿಂದಂಚು ಕೊಂಚ ಜೋತುಬೀಳುವವರೆಗೆ. ನೋಡಲಿಕ್ಕೆ ಚೆಂದ ಇರುವುದಿಲ್ಲ. ಗಾಳಿ ತಟ್ಟನೆ ಜೋರಾದಾಗ ಆ ಸಡಿಲಿನಿಂದಲೇ ಹೆಚ್ಚಿನದು ಜಾರಿಹೋಗುತ್ತದೆ, ನಿಮ್ಮನ್ನು ಎತ್ತಿ ಒಗೆಯುವುದಿಲ್ಲ.

7.5 ಮಾರಬೇಡಿ, ಹಳದಿ ಕಿಟಕಿಗೆ ಟೇಪ್ ಹಚ್ಚಿ ಇಟ್ಟಿರಿ. ಎರಡು ವರ್ಷದ ಮೇಲೆ ಮಾತಾಡೋಣ.

ಭಾನುವಾರ ಮೂರು ಗಂಟೆಗೆ ಬನ್ನಿ. ದಕ್ಷಿಣಕ್ಕೆ ಬೇಡ, ಆ ಕಡೆ ನೇವಿಯವರ ನೀರು. ಏಂಡಿ ಬಲೆ ಬಿಟ್ಟಿದ್ದರೆ ಎಳೆದು ಮುಗಿಸುವವರೆಗೆ ಕಾಯಬೇಕು, ಬಂಗಡೆಯವರು ಆಗ ಕೈಜೋಡಿಸಿ ಅಂತಾರೆ. ಲೈಫ್ ಜಾಕೆಟ್ ಮರೆಯಬೇಡಿ. ಎಣಿಸಲಿಕ್ಕೆ ಮನೆಯವರನ್ನೂ ಕರೆದುಕೊಂಡು ಬನ್ನಿ.