ಉಚಿತ ಸಂಜೆ ಕ್ಲಾಸ್ ನಡೆಸಿದವರು ಅನುಭವ ಹೇಳಿ

ಗೌರಿಬಿದನೂರು ಹುಡುಗ: ನಮ್ಮೂರಲ್ಲಿ ಸಂಜೆ 6ರಿಂದ 8ರವರೆಗೆ ಮಕ್ಕಳಿಗೆ ಫ್ರೀಯಾಗಿ ಗಣಿತ, ಇಂಗ್ಲಿಷ್ ಹೇಳಿಕೊಡೋಣ ಅಂತ ನಾಲ್ಕೈದು ಜನ ಸೇರಿದ್ದೇವೆ. ಹೊಲಿಗೆ, ಮೋಟರ್ ರಿಪೇರಿ ಗೊತ್ತಿರುವವರು ಭಾನುವಾರ ಅದನ್ನು ಕಲಿಸುತ್ತಾರೆ. ಡೈರಿ ಮೇಲಿನ ರೂಮು ಸಿಕ್ಕಿದೆ. ಸಂಘ ರಿಜಿಸ್ಟರ್ ಮಾಡಿಸಬೇಕಾ, ಸುಮ್ನೆ ಶುರು ಮಾಡಬಹುದಾ?

ಶಿರಾ ಟೈಲರಕ್ಕ: ಪೂರ್ತಿ ಫ್ರೀ ಮಾತ್ರ ಇಡಬೇಡಿ. ನಾನು ಮನೆ ಹಜಾರದಲ್ಲೇ ಹೊಲಿಗೆ ಕಲಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಕಾಲು ಮೆಷಿನ್ ಎರಡು ತಗೊಂಡೆ, ಒಂದಕ್ಕೆ 3,800, ಇನ್ನೊಂದಕ್ಕೆ 4,200. ಅದು ಒಂದು ಸಲದ ಖರ್ಚು. ಜೀವ ತಿನ್ನೋದು ಸೂಜಿ. ಹೊಸಬರು ಜೀನ್ಸ್ ಪ್ಯಾಂಟ್ ತಂದು 14 ನಂಬರಿನ ಸಾಮಾನ್ಯ ಸೂಜಿ ಕೆಳಗೆ ತೂರಿಸುತ್ತಾರೆ, ಟಕ್ ಅಂತ ಮುರಿಯುತ್ತದೆ. ಬಾಬಿನ್ ಕೇಸ್, ಅಂದರೆ ಕೆಳದಾರದ ಡಬ್ಬಿ, ನೆಲಕ್ಕೆ ಬಿದ್ದು ಸೊಟ್ಟಗಾದರೆ 80 ರೂಪಾಯಿ. ಬೆಲ್ಟು, ಎಣ್ಣೆ, ದಾರ, ಎಲ್ಲಾ ನಾನು ಬ್ಲೌಸ್ ಹೊಲಿದ ದುಡ್ಡು. ಫ್ರೀ ಇದ್ದಾಗ ಮನಸ್ಸು ಬಂದರೆ ಬರುತ್ತಿದ್ದರು. ತಿಂಗಳಿಗೆ 100 ರೂಪಾಯಿ ಇಟ್ಟೆ ನೋಡಿ, ಮೂರು ಗಂಟೆ ಅಂದರೆ ಎರಡೂಮುಕ್ಕಾಲಿಗೇ ಬಾಗಿಲಲ್ಲಿ ಚಪ್ಪಲಿ ಸಾಲು.

ತಿಪಟೂರು ನಿವೃತ್ತ ಮೇಷ್ಟ್ರು: ಅಮ್ಮಾ, ದುಡ್ಡು ಮುಟ್ಟಿದ ಮೇಲೆ ಅದು ಟ್ಯೂಷನ್. ನಮ್ಮ ಜಿಲ್ಲೆಯಲ್ಲೇ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ಕೊಡುತ್ತಿಲ್ಲವಾ? ನಾವು ರಿಜಿಸ್ಟರ್ ಮಾಡಿಸಿಯೇ ಶುರು ಮಾಡಿದೆವು. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು. ಏಳು ಜನ ಸಿಗುತ್ತಾರೆ, ಏಳು ಸಹಿ ಸಿಗಲ್ಲ. ಒಬ್ಬರು ಬೆಂಗಳೂರಿಗೆ ಮಗಳ ಮನೆಗೆ ಹೋದರು. ಇನ್ನೊಬ್ಬರು ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಸೋತು ನಮ್ಮ ಮೇಲೆ ಮುನಿಸಿಕೊಂಡರು. ವರ್ಷಾ ವರ್ಷ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ. ಆಡಿಟರ್ ಫೀಸು 5,000, ನಮ್ಮ ಸಂಘದ ವರ್ಷದ ವಹಿವಾಟೇ 11,340! ಆದರೂ ಯಾವ ಮಗುವಿನ ಹತ್ತಿರವೂ ಒಂದು ಪೈಸೆ ಮುಟ್ಟಿಲ್ಲ.

ಶಿರಾ ಟೈಲರಕ್ಕ: ಮಠಕ್ಕೆ ಭಕ್ತರು ರಾಗಿ ಮೂಟೆ, ತೆಂಗಿನಕಾಯಿ ತಂದು ಹಾಕುತ್ತಾರೆ ಮೇಷ್ಟ್ರೇ. ನನ್ನ ಹಜಾರಕ್ಕೆ ಯಾರೂ ಒಂದು ದಾರದ ರೀಲೂ ತಂದಿಲ್ಲ. ಪೆನ್ಷನ್ ಬರುವವರಿಗೆ ಸೇವೆ ಸಲೀಸು ಬಿಡಿ.

ಮುಳಬಾಗಿಲು ಟೊಮೇಟೊ: ಆರು ಗಂಟೆಗೆ ಇಟ್ಟರೆ ನಮ್ಮ ಕಡೆ ಒಬ್ಬರೂ ಬರಲ್ಲ. ಡೈರಿಗೆ ಹಾಲು ಹಾಕುವ ಹೊತ್ತು, ಕ್ಯಾನ್ ಹಿಡಿದು ಬರೋದು ಮಕ್ಕಳೇ. ನಾನು ಏಳಕ್ಕೆ ಮಾಡಿದೆ, ಆಗ ಕರೆಂಟ್ ಇಲ್ಲ. ಟೊಮೇಟೊ ಕೀಳುವಾಗ ದೊಡ್ಡ ಮಕ್ಕಳು ಮಾಯ. ರೇಟು ಬಂದರೆ ತೋಟದಲ್ಲಿ ಕೆಲಸ, ಬಿದ್ದರೆ ಮನೇಲಿ ಗಲಾಟೆ, ಕ್ಲಾಸಂತೂ ಖಾಲಿ. ಇನ್ನೊಂದು, ನಮ್ಮ ಮನೆಗಳಲ್ಲಿ ಮಾತು ತೆಲುಗು. ಲೆಕ್ಕ ತೆಲುಗಲ್ಲಿ ಹೇಳಿ ಕನ್ನಡದಲ್ಲಿ ಬರೆಸುತ್ತೇನೆ.

ತಿಪಟೂರು ನಿವೃತ್ತ ಮೇಷ್ಟ್ರು: ಕನ್ನಡ ನಾಡಲ್ಲಿ ತೆಲುಗು ಪಾಠ. ಚೆನ್ನಾಗಿದೆ.

ಮುಳಬಾಗಿಲು ಟೊಮೇಟೊ: ಸರ್, ಒಂದು ದಿನ ಬಂದು ನಮ್ಮ ಎರಡನೇ ಕ್ಲಾಸಿನವರಿಗೆ ದಶಕ ಕಡ ತಗೊಳ್ಳೋದು ಹೇಳಿಕೊಡಿ. ಬಸ್ ಚಾರ್ಜು, ಊಟ ನಂದು.

ಚಿಂತಾಮಣಿ: ಸಂಜೆಗೇ ಇರಲಿ, ಹಗಲು ಶಾಲೆ ಅಂತ ಹೋಗಬೇಡಿ. ನಾವು ಇಟ್ಟಿಗೆ ಗೂಡಿನ ಮಕ್ಕಳಿಗೆ ಹಗಲೇ ನಡೆಸಿದೆವು. ಶೀಟು ಹಾಕಿಸಿದ್ದಕ್ಕೆ 62,000, ಎರಡು ಟಾಯ್ಲೆಟ್ಟಿಗೆ 48,000. ಯಾರೋ ನಮ್ಮ ಮೇಲೆ ಅರ್ಜಿ ಹಾಕಿದರು. ಅಧಿಕಾರಿಗಳು ಶಿಕ್ಷಣ ಹಕ್ಕು ಕಾಯ್ದೆ 2009ರ 18ನೇ ಸೆಕ್ಷನ್ ತೋರಿಸಿದರು: ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷದವರೆಗೆ ದಂಡ, ಆಮೇಲೂ ನಡೆಸಿದರೆ ದಿನಕ್ಕೆ 10,000. ಬೀಗ ಹಾಕಿದೆವು. ಆ ಶೀಟಿನ ಕೆಳಗೆ ಈಗ ಯಾರದ್ದೋ ಟ್ರ್ಯಾಕ್ಟರ್. ನಾವೀಗ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಲೈಬ್ರರಿಯಲ್ಲಿ, ಸಂಜೆ ಕೂರುತ್ತೇವೆ, ಬಾಡಿಗೆ ಇಲ್ಲ. ಮೇಷ್ಟ್ರೇ, ನಿಮ್ಮಲ್ಲಿ ಪಾಠ ಮಾಡುವವರು ಸರ್ವಿಸಲ್ಲಿ ಇದ್ದಾರಾ? ಅದೇ ಕಾಯ್ದೆಯ 28ನೇ ಸೆಕ್ಷನ್ ಓದಿಕೊಳ್ಳಿ, ಶಿಕ್ಷಕರು ಖಾಸಗಿ ಪಾಠ ಮಾಡುವಂತಿಲ್ಲ.

ತಿಪಟೂರು ನಿವೃತ್ತ ಮೇಷ್ಟ್ರು: ಫೀಸು ತಗೊಳ್ಳುವವರನ್ನು ಬಿಟ್ಟು ನಮ್ಮನ್ನು ಕೇಳುತ್ತೀರಲ್ಲ! ಬೇಕಿದ್ದರೆ ಅರ್ಜಿ ಹಾಕಿ.

ಚಿಂತಾಮಣಿ: ಅರ್ಜಿ ಹಾಕಿಸಿಕೊಂಡವನು ನಾನು ಸ್ವಾಮಿ, ಹಾಕುವವನಲ್ಲ.

ಕೋಲಾರ ವೈಂಡಿಂಗ್: ಮೋಟರ್ ರಿಪೇರಿ ಅಂದಿದ್ದಕ್ಕೆ ಬಂದೆ. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಒಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರ್ ಸುಡೋದು ದಿನದ ಮಾತು. ಪಿಯುಸಿ ಫೇಲಾದ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ತಂತಿ ಸುತ್ತುವಾಗ ಟರ್ನ್ (ಸುತ್ತು) ಎಣಿಸುತ್ತಾ ಫೋನ್ ನೋಡಿದರೆ ಕಾಯಿಲ್ ಪೂರ್ತಿ ಬಿಚ್ಚಬೇಕು. ತಾಮ್ರದ ತಂತಿ ರೇಟು ಗೊತ್ತಲ್ಲ, ಬಿಚ್ಚಿದ್ದೆಲ್ಲಾ ಗುಜರಿಗೆ. ಕಲಿತ ಮೇಲೆ ಒಬ್ಬ ನನ್ನ ಅಂಗಡಿ ಎದುರಿಗೇ ಅಂಗಡಿ ಹಾಕಿದ, ನನಗಿಂತ 500 ಕಮ್ಮಿಗೆ.

ಶಿರಾ ಟೈಲರಕ್ಕ: ಕಲಿಸಿದ್ದು ದಕ್ಕಿದೆ ಅಂತ ಖುಷಿಪಡಿ ಅಣ್ಣ.

ಕೋಲಾರ ವೈಂಡಿಂಗ್: ನಿಮ್ಮ ಬೀದೀಲಿ ನಿಮ್ಮ ಹುಡುಗಿಯೇ ಬ್ಲೌಸಿಗೆ 50 ರೂಪಾಯಿ ಕಮ್ಮಿ ಮಾಡಲಿ, ಆಗ ಹೇಳಿ ಅಕ್ಕಾ.