ಅಮ್ಮನಿಗೆ ಮಂಡಿ ನೋವು: ಅಬ್ಬಿಗೆ ಹೋಗೋದಾ, ಇರ್ಪಿಗೆ ಹೋಗೋದಾ?

ಮೈಸೂರು_ಮಗಳು:
ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಕೊಡಗಿಗೆ ಬರುತ್ತಿದ್ದೇವೆ. ಅಮ್ಮನಿಗೆ 68 ವರ್ಷ, ಮಂಡಿ ನೋವು. ಮೆಟ್ಟಿಲು ಅಂದರೆ ಭಯ. ಆದರೆ ಒಂದು ಜಲಪಾತ ನೋಡಲೇಬೇಕಂತೆ. ಎಲ್ಲರೂ ಅಬ್ಬಿ ಅನ್ನುತ್ತಾರೆ, ನೆಂಟರೊಬ್ಬರು ಮಾತ್ರ ಇರ್ಪಿಗೆ ಹೋಗಿ ಅಂದರು. ಎರಡಕ್ಕೂ ಸಮಯ ಇಲ್ಲ. ಅಷ್ಟಕ್ಕೂ ಜನ ಅಬ್ಬಿಗೇ ಮುಗಿಬೀಳುವುದು ಯಾಕೆ?

ಮಂಜಿನೂರು:
ಮಡಿಕೇರಿಯಿಂದ ಬರೀ 8 ಕಿ.ಮೀ., ಅದಕ್ಕೇ. ಕೋಟೆ, ಓಂಕಾರೇಶ್ವರ, ಅಬ್ಬಿ ಮುಗಿಸಿ ಸಂಜೆಗೆ ರಾಜಾಸೀಟ್‌ನಲ್ಲಿ ಕೂರಬಹುದು. ಕಾಫಿ ತೋಟದ ನಡುವೆ ದಾರಿ, ಮೆಣಸಿನ ಬಳ್ಳಿ, ಫೋಟೊಗೆ ಸೂಪರ್. ಯೋಚನೆ ಮಾಡಬೇಡಿ, ಅಬ್ಬಿಗೇ ಹೋಗಿ.

ಗೋಣಿಕೊಪ್ಪ_ಟ್ಯಾಕ್ಸಿ:
ಮೇಡಂ, ನಾನು ಬಾಡಿಗೆ ಕಾರು ಓಡಿಸುವವನು. ಎರಡೂ ಕಡೆ ಜನರನ್ನು ಬಿಟ್ಟು, ಕಾರಲ್ಲಿ ಕೂತು ಕಾಯುವುದೇ ನನ್ನ ಕೆಲಸ. ವಾಪಸ್ ಬರುವವರ ಮುಖ ನೋಡಿದರೆ ಎಲ್ಲಾ ಗೊತ್ತಾಗುತ್ತದೆ.

ಅಬ್ಬಿಯಲ್ಲಿ ಮೊದಲು ಇಳಿಯಬೇಕು. ಹೋಗುವಾಗ ಏನೂ ಅನ್ನಿಸುವುದಿಲ್ಲ, ಮಾತಾಡಿಕೊಂಡು ಇಳಿದುಬಿಡುತ್ತಾರೆ. ವಾಪಸ್ ಹತ್ತುವಾಗ ವಯಸ್ಸಾದವರು ಒದ್ದಾಡುತ್ತಾರೆ. ಅಷ್ಟು ಹೊತ್ತಿಗೆ ಬೇರೆ ದಾರಿಯೇ ಇರುವುದಿಲ್ಲ, ಹತ್ತಲೇಬೇಕು. ಅಲ್ಲಿ ನೀರಿಗೆ ಇಳಿಯಲೂ ಬಿಡುವುದಿಲ್ಲ. ಸರಿಯೇ ಅದು, ಬಂಡೆ ಜಾರಿ ಪ್ರಾಣ ಕಳೆದುಕೊಂಡವರು ಇದ್ದಾರೆ. ದೂರದಿಂದ ನೋಡಬೇಕು, ಬರಬೇಕು, ಅಷ್ಟೇ.

ಇರ್ಪಿನಲ್ಲಿ ಉಲ್ಟಾ. ಮೊದಲು ಹತ್ತಬೇಕು, ಬರುವಾಗ ಇಳಿಜಾರು. ಇಳಿಯುವಾಗಲೂ ಮಂಡಿ ನೋಯುತ್ತದೆ, ಇಲ್ಲ ಅನ್ನಲ್ಲ. ಆದರೆ ಸಾಕು ಅನ್ನಿಸಿದಲ್ಲಿ ತಿರುಗಬಹುದು. ಶುರುವಿನಲ್ಲೇ ರಾಮೇಶ್ವರ ದೇವಸ್ಥಾನ ಇದೆ, ಸುತ್ತ ಗದ್ದೆ. ಅಮ್ಮ ಅಲ್ಲೇ ಕೂತರೂ ಬಂದದ್ದು ವ್ಯರ್ಥ ಅಲ್ಲ. ಮೇಲೆ ಹೋಗುವ ದಾರಿಯ ಪಕ್ಕದಲ್ಲೇ ಹೊಳೆ ಹರಿಯುತ್ತದೆ. ಅದು ಲಕ್ಷ್ಮಣತೀರ್ಥ. ಸೀತೆಯನ್ನು ಹುಡುಕಿಕೊಂಡು ಬಂದಾಗ ರಾಮನಿಗೆ ಬಾಯಾರಿಕೆ ಆಯಿತಂತೆ, ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದನಂತೆ. ನಮ್ಮ ಕಡೆಯ ಹಿರಿಯರು ಇಲ್ಲಿಗೆ ಬರುವುದು ಸೀನ್ ನೋಡಲಿಕ್ಕಲ್ಲ, ತಲೆ ಮೇಲೆ ನೀರು ಹಾಕಿಕೊಳ್ಳಲಿಕ್ಕೆ. ಶಿವರಾತ್ರಿಗೆ ಬಂದು ನೋಡಿ, ಕಾಲಿಡಲು ಜಾಗ ಇರುವುದಿಲ್ಲ.

ನೀವು ಹುಣಸೂರು ಮೇಲೆ ತಾನೇ ಬರುವುದು? ಊರೊಳಗೆ ಸೇತುವೆ ಸಿಗುತ್ತದಲ್ವಾ, ಅದರ ಕೆಳಗಿನ ಹೊಳೆ ಇದೇ. ಅಲ್ಲಿನ ಕೊಳಕು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ! ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿ, ಕುಟ್ಟಕ್ಕೆ ಮೊದಲೇ ಇರ್ಪಿನ ತಿರುವು.

ಸೋಮವಾರಪೇಟೆ_ಕಾಫಿ:
ನಮ್ಮ ಮಲ್ಲಳ್ಳಿ ಜಲಪಾತವನ್ನು ಯಾರೂ ಕೇಳುವುದೇ ಇಲ್ಲ. ಪುಷ್ಪಗಿರಿ ತಪ್ಪಲಲ್ಲಿ ಕುಮಾರಧಾರಾ ಧುಮುಕುವುದನ್ನು ನೋಡಿದರೆ ಅಬ್ಬಿ, ಇರ್ಪು ಎರಡೂ ಸಪ್ಪೆ.

ಗೋಣಿಕೊಪ್ಪ_ಟ್ಯಾಕ್ಸಿ:
ಒಪ್ಪಿದೆ ಸರ್, ಚೆಂದದಲ್ಲಿ ಅದೇ ಮೇಲು. ಆದರೆ ಆ ಮೆಟ್ಟಿಲು ಹತ್ತಿ ಬಂದರೆ ನನ್ನ ಮಂಡಿಯೇ ಮಾತಾಡುತ್ತದೆ. ಅಮ್ಮನವರಿಗೆ ಬೇಡ.

ಮೈಸೂರು_ಮಗಳು:
ಅಣ್ಣಾ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಇರ್ಪೇ ಅಂತೆ. ನಾವು ಉಳಿಯುವುದು ಮಡಿಕೇರಿಯಲ್ಲಿ. ಅಲ್ಲಿಂದ ದೂರ ಆಗುತ್ತದಾ? ಜಿಗಣೆ ಕಾಟ ಇದೆಯಾ?

ಗೋಣಿಕೊಪ್ಪ_ಟ್ಯಾಕ್ಸಿ:
ಮಡಿಕೇರಿಯಿಂದ ಸುಮಾರು 80 ಕಿ.ಮೀ., ತಿರುವು ಜಾಸ್ತಿ. ಸುಮ್ನೆ ಹೋಗಿ ಬರುವುದು ಬೇಡ. ಮೈಸೂರಿಂದ ಬರುವ ದಿನವೇ ಇರ್ಪು ಮುಗಿಸಿ, ಆಮೇಲೆ ಮಡಿಕೇರಿಗೆ ಹೋಗಿ. ಮಳೆ ಬಿದ್ದಿದ್ದರೆ ಜಿಗಣೆ ಇರುತ್ತದೆ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಭಾನುವಾರ ಬೇಡ. ಅಮ್ಮನಿಗೆ ಒಂದು ಕೋಲು, ಒಂದು ಜೊತೆ ಒಣ ಬಟ್ಟೆ. ನೀರು ತುಂಬಾ ತಣ್ಣಗಿರುತ್ತದೆ, ಮೊದಲು ಕಾಲಷ್ಟೇ ಇಳಿಬಿಡಲಿ.